ದೊರೆ ಬದಲಾದಾಗೆಲ್ಲ ಚರ್ಚಿನ ಗೋಡೆಗೆ ಸುಣ್ಣ

ಇಂಗ್ಲೆಂಡ್ ಪ್ರೊಟೆಸ್ಟೆಂಟ್ ದೇಶ ಆಗಿದ್ದು ಹೇಗೆ ಅಂತ ಯಾರನ್ನಾದ್ರೂ ಕೇಳಿ ನೋಡಿ, "ಎಂಟನೇ ಹೆನ್ರಿಗೆ ಡೈವೋರ್ಸ್ ಬೇಕಿತ್ತು, ಪೋಪ್ ಕೊಡ್ಲಿಲ್ಲ, ಅದಕ್ಕೆ ತನ್ನದೇ ಒಂದು ಚರ್ಚ್ ಮಾಡ್ಕೊಂಡ" ಅಂತ ಒಂದೇ ಉಸಿರಲ್ಲಿ ಮುಗಿಸಿಬಿಡ್ತಾರೆ. ನಾವು ಹೈಸ್ಕೂಲಲ್ಲಿ ಓದಿದ್ದೂ ಹೆಚ್ಚುಕಮ್ಮಿ ಅಷ್ಟೇ, ಪೋಪ್ ವಿರುದ್ಧ ತಿರುಗಿಬಿದ್ದ ಜರ್ಮನ್ ಪಾದ್ರಿ ಮಾರ್ಟಿನ್ ಲೂಥರ್‌ಗೆ ಒಂದು ಪ್ಯಾರಾ, ಹೆನ್ರಿಗೆ ಎರಡು ಸಾಲು, ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ. ಪೂರ್ತಿ ಸುಳ್ಳು ಅಂತ ಅಲ್ಲ. ಆದ್ರೆ ಈ ಕಥೇನ ಅರಮನೆ ಕಡೆಯಿಂದ ಬಿಟ್ಟು ಒಂದು ಹಳ್ಳಿ ಚರ್ಚಿನ ಜಮಾ-ಖರ್ಚಿನ ಪುಸ್ತಕದ ಕಡೆಯಿಂದ ನೋಡಿದ್ರೆ ಬೇರೆನೇ ಕಾಣತ್ತೆ. ದೊಡ್ಡೋರು ಲಂಡನ್ನಲ್ಲಿ ಕೂತು ದೇವ್ರ ಬಗ್ಗೆ ಕಿತ್ತಾಡ್ತಿದ್ರು, ಬಿಲ್ ಬರ್ತಿದ್ದದ್ದು ಹಳ್ಳಿಯೋರಿಗೆ. ಇದನ್ನ ಕಿತ್ತಾಕಿ, ಅದನ್ನ ತಗೊಳ್ಳಿ, ಆಮೇಲೆ ಅದನ್ನೇ ಮಾರಿ, ಕಿತ್ತಾಕಿದ್ದನ್ನ ವಾಪಸ್ ಕಟ್ಟಿ. ಸರ್ಕಾರ ಬದಲಾದಾಗೆಲ್ಲ ಆಫೀಸಿನ ಗೋಡೆ ಮೇಲಿನ ಫೋಟೋ ಬದಲಾಗತ್ತಲ್ಲ ಹಾಗೆ, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಹೊಸ ಫೋಟೋ ಇಷ್ಟ ಇಲ್ಲ ಅಂತ ಜೋರಾಗಿ ಹೇಳಿದ್ರೆ ತಲೆ ಹೋಗ್ತಿತ್ತು.

ಮೊದ್ಲು ಹೆನ್ರಿ ವಿಷಯ ಬೇಗ ಮುಗಿಸ್ತೀನಿ. ಅವ್ನು ಕೇಳಿದ್ದು ಡೈವೋರ್ಸ್ ಅಲ್ಲ, ಮದುವೆನೇ ಊರ್ಜಿತ ಅಲ್ಲ ಅಂತ ರದ್ದು ಮಾಡಿ ಅಂತ. ಹೆಂಡ್ತಿ ಆರಗಾನ್‌ನ ಕ್ಯಾಥರೀನ್ ಮೊದ್ಲು ಅವನ ಅಣ್ಣ ಆರ್ಥರ್‌ನ ಹೆಂಡ್ತಿ ಆಗಿದ್ಲು, ಆರ್ಥರ್ 1502ರಲ್ಲಿ ತೀರ್ಕೊಂಡ, 1509ರಲ್ಲಿ ಹೆನ್ರಿ ಅತ್ತಿಗೇನೇ ಮದುವೆ ಆದ, ಬದುಕಿ ಉಳಿದಿದ್ದು ಮೇರಿ ಅನ್ನೋ ಒಂದು ಹೆಣ್ಣುಮಗು ಮಾತ್ರ, ಗಂಡು ಸಂತಾನ ಇಲ್ಲ, ಅಣ್ಣನ ಹೆಂಡ್ತೀನ ಕಟ್ಕೊಂಡಿದ್ದಕ್ಕೆ ದೇವರ ಶಾಪ ಅಂತ ಅವನ ವಾದ (ಅಷ್ಟೊತ್ತಿಗೆ ಆನ್ ಬೊಲಿನ್ ಮೇಲೆ ಮನಸ್ಸಾಗಿತ್ತು ಅನ್ನೋದು ಬೇರೆ ಮಾತು). ರಾಜರುಗಳ ಇಂಥ ಕೇಸನ್ನ ಪೋಪ್‌ಗಳು ಹೇಗೋ ಮಾಡಿ ಅಡ್ಜಸ್ಟ್ ಮಾಡ್ಕೊಡ್ತಿದ್ದಿದ್ದು ಉಂಟು. ಆದ್ರೆ 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ರೋಮ್‌ಗೆ ನುಗ್ಗಿ ಲೂಟಿ ಹೊಡೀತು, ಪೋಪ್ ಏಳನೇ ಕ್ಲೆಮೆಂಟ್ ಕೋಟೆ ಒಳಗೆ ಸಿಕ್ಕಾಕ್ಕೊಂಡ, ಮತ್ತೆ ಆ ಚಾರ್ಲ್ಸ್‌ಗೆ ಕ್ಯಾಥರೀನ್ ಏನಾಗ್ಬೇಕು? ಸ್ವಂತ ಚಿಕ್ಕಮ್ಮ. ಪೋಪ್ ಎಲ್ಲಿಂದ ಸಹಿ ಹಾಕ್ತಾನೆ ಹೇಳಿ.

ಮಜಾ ಏನು ಅಂದ್ರೆ ಇದೇ ಹೆನ್ರಿ 1521ರಲ್ಲಿ ಲೂಥರ್ ವಿರುದ್ಧ ಪುಸ್ತಕ ಬರೆದು ಪೋಪ್ ಕೈಯಿಂದ "ಧರ್ಮರಕ್ಷಕ" ಅಂತ ಬಿರುದು ತಗೊಂಡಿದ್ದ. ಪೋಪ್ ಜೊತೆ ಕಿತ್ಕೊಂಡ್ರೂ ಬಿರುದನ್ನ ಮಾತ್ರ ಬಿಡ್ಲಿಲ್ಲ ನೋಡಿ, ಬ್ರಿಟನ್ನಿನ ನಾಣ್ಯದ ಮೇಲೆ ರಾಜನ ತಲೆ ಸುತ್ತ ಇವತ್ತಿಗೂ ಎಫ್ ಡಿ ಅಂತ ಎರಡು ಅಕ್ಷರ ಇರತ್ತೆ, ಅದು ಲ್ಯಾಟಿನ್ನಲ್ಲಿ ಇದೇ ಬಿರುದು, ಫಿಡೈ ಡಿಫೆನ್ಸರ್. ಪೋಪ್ ಕೊಟ್ಟಿದ್ದು!

1534ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಪ್ರಕಾರ ಇಂಗ್ಲೆಂಡ್ ಚರ್ಚಿಗೆ ರಾಜನೇ ಮುಖ್ಯಸ್ಥ ಆದ. ಒಪ್ಪದೇ ಇದ್ದ ರಾಜನ ಮಾಜಿ ಚಾನ್ಸೆಲರ್ ಥಾಮಸ್ ಮೋರ್, ಬಿಷಪ್ ಜಾನ್ ಫಿಶರ್ ಇಬ್ಬರ ತಲೆನೂ 1535ರಲ್ಲಿ ಹೋಯ್ತು. ಹಾಗಂತ ಹೆನ್ರಿ ಪ್ರೊಟೆಸ್ಟೆಂಟ್ ಆದ್ನಾ ಅಂದ್ರೆ ಇಲ್ಲ. ಪೋಪ್ ಬೇಡ, ಬಾಕಿ ಎಲ್ಲ ಹಳೇದೇ ಇರ್ಲಿ ಅನ್ನೋ ಗಿರಾಕಿ ಅವ್ನು. ಇದಕ್ಕೆ ನನ್ನ ಫೇವರಿಟ್ ಉದಾಹರಣೆ 1540ರ ಜುಲೈ 30. ಅವತ್ತು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಆರು ಜನ ಪಾದ್ರಿಗಳನ್ನ ಕೊಂದ್ರು. ಮೂರು ಜನ ಲೂಥರ್ ಕಡೆಯೋರು, ಧರ್ಮದ್ರೋಹ ಅಂತ ಸುಟ್ಟಾಕಿದ್ರು. ಇನ್ನು ಮೂರು ಜನ ಪೋಪ್ ಕಡೆಯೋರು, ರಾಜದ್ರೋಹ ಅಂತ ನೇಣು ಹಾಕಿ ತುಂಡು ಮಾಡಿದ್ರು. ಒಂದೇ ದಿನ, ಒಂದೇ ಮೈದಾನ. ಅಲ್ಲಿ ನಿಂತು ನೋಡ್ತಿದ್ದ ಜನ ನಾವೀಗ ಯಾವ ಕಡೆ ಇದ್ರೆ ಸೇಫು ಅಂತ ಏನ್ ಲೆಕ್ಕ ಹಾಕಿರಬಹುದು?

ಹೆನ್ರಿ ಮಾಡಿದ್ರಲ್ಲಿ ವಾಪಸ್ ತರಕ್ಕಾಗದ ಕೆಲಸ ಅಂದ್ರೆ ಮಠಗಳನ್ನ ಮುಚ್ಚಿಸಿದ್ದು. 1536ರಿಂದ 1540ರ ಒಳಗೆ ಸುಮಾರು 800 ಮಠಗಳು ಹೋದ್ವು. ಉತ್ತರದ ಕಡೆ ಜನ ಇದಕ್ಕೇ 1536ರಲ್ಲಿ ದಂಗೆ ಎದ್ರು, ಮುಂದಾಳು ರಾಬರ್ಟ್ ಆಸ್ಕ್ ಅನ್ನೋ ಲಾಯರು, ರಾಜ ಮಾತುಕತೆ ಅಂತ ನಂಬಿಸಿ ಮರುವರ್ಷ ಯಾರ್ಕ್‌ನಲ್ಲಿ ಅವನನ್ನ ನೇತಾಕ್ಸಿದ. ಮಠದ ಜಮೀನಲ್ಲಿ ಬಹುಪಾಲು ಕ್ರಮೇಣ ಜಮೀನ್ದಾರರ, ಆಸ್ಥಾನದೋರ ಕೈಗೆ ಮಾರಾಟ ಆಯ್ತು. ಈ ಜಮೀನಿನ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಈಗ ಹಳ್ಳಿಗೆ ಬರೋಣ. ಇಂಗ್ಲೆಂಡಿನ ನೈರುತ್ಯಕ್ಕೆ ಡೆವನ್ ಅಂತ ಪ್ರಾಂತ್ಯ, ಅಲ್ಲಿ ಎಕ್ಸ್‌ಮೂರ್ ಬೆಟ್ಟಗಾಡಿನ ಅಂಚಿನಲ್ಲಿ ಮೋರ್ಬಾತ್ ಅಂತ ಒಂದು ಸಣ್ಣ ಊರು. ಆ ಕಾಲಕ್ಕೆ ಇದ್ದದ್ದು 33 ಮನೆ, ಕಸುಬು ಕುರಿ ಸಾಕೋದು. 1520ರಲ್ಲಿ ಕ್ರಿಸ್ಟೋಫರ್ ಟ್ರಿಕಿ ಅನ್ನೋರು ಅಲ್ಲಿಗೆ ಪಾದ್ರಿಯಾಗಿ ಬಂದ್ರು, 1574ರಲ್ಲಿ ಸಾಯೋ ತನಕ ಅಲ್ಲೇ ಇದ್ರು. 54 ವರ್ಷ! ಅಂದ್ರೆ ಹೆನ್ರಿ, ಅವನ ಮಗ ಎಡ್ವರ್ಡ್, ಮಗಳು ಮೇರಿ, ಇನ್ನೊಬ್ಬ ಮಗಳು ಎಲಿಜಬೆತ್, ನಾಲ್ಕೂ ಜನರ ಆಳ್ವಿಕೆ ಆ ಒಂದೇ ಚರ್ಚಲ್ಲಿ ಕೂತು ನೋಡಿದಾರೆ. ಇಂಥ ಪಾದ್ರಿಗಳು ಬೇಕಾದಷ್ಟು ಜನ ಇದ್ದಿರ್ತಾರೆ, ಆದ್ರೆ ಇವರ ವಿಶೇಷ ಏನಪ್ಪ ಅಂದ್ರೆ ಚರ್ಚಿನ ಲೆಕ್ಕ ಎಲ್ಲ ತಮ್ಮ ಕೈಯಾರೆ ಬರೆದಿಟ್ರು, ಬರೆದಿದ್ದನ್ನ ಊರೋರ ಮುಂದೆ ಓದಿ ಹೇಳ್ತಿದ್ರು. ಲೆಕ್ಕದ ಮಧ್ಯ ಮಧ್ಯ ಊರಿನ ವಿಚಾರ, ಯಾರು ಏನು ಕೊಟ್ರು, ಯಾರು ಕೊಡ್ಲಿಲ್ಲ, ಎಲ್ಲಾ. ಆ ಲೆಕ್ಕ ಇವತ್ತಿಗೂ ಉಳಿದಿದೆ.

ಆ ಚರ್ಚಿನ ಆರ್ಥಿಕತೆ ಹೇಗಿತ್ತು ಗೊತ್ತಾ, ಒಬ್ಬೊಬ್ಬ ಸಂತರ ಹೆಸರಲ್ಲೂ ಕುರಿ ಇರ್ತಿತ್ತು. ಸಂತ ಜಾರ್ಜ್‌ನ ಕುರಿ, ಮರಿಯಮ್ಮನ ಕುರಿ, ಸಂತ ಸಿಡ್ವೆಲ್‌ಳ ಕುರಿ. ದೇವರ ಕುರೀನ ಊರಿನ ಮನೆಗಳೋರು ಹಂಚ್ಕೊಂಡು ತಮ್ಮ ಹಿಂಡಿನ ಜೊತೆ ಮೇಯಿಸ್ಬೇಕು, ಉಣ್ಣೆ ಮಾರಿದ ದುಡ್ಡಲ್ಲಿ ಆಯಾ ಸಂತರ ಮುಂದೆ ಮೇಣದ ದೀಪ ಉರೀಬೇಕು. ಮದುವೆ ಆಗದ ಹುಡುಗರದ್ದೊಂದು ಸಂಘ, ಹುಡುಗೀರದ್ದೊಂದು ಸಂಘ, ಎರಡಕ್ಕೂ ಬೇರೆ ಬೇರೆ ಲೆಕ್ಕ, ಬೇರೆ ಬೇರೆ ವಾರ್ಡನ್ನುಗಳು. ವರ್ಷಕ್ಕೊಂದ್ಸಲ ಬಿಯರ್ ಕಾಯಿಸಿ ಊರೋರಿಗೇ ಮಾರಿ ಚರ್ಚಿಗೆ ದುಡ್ಡು ಎತ್ತೋ ಹಬ್ಬ (ಹೌದು, ಚರ್ಚಿಂದೇ, ಪಾದ್ರಿಗಳ ಎದುರೇ). ಸಿಡ್ವೆಲ್ ಅಂದ್ರೆ ಎಕ್ಸೆಟರ್ ಕಡೆಯ ಸ್ಥಳೀಯ ದೈವ, ಜಮೀನಿನ ಆಸೆಗೆ ಕುಡುಗೋಲಿನಿಂದ ಕೊಲ್ಲಿಸಿದ್ರು ಅಂತ ಕಥೆ ಇರೋ ಕನ್ಯೆ. ಟ್ರಿಕಿ ಅವಳ ಭಕ್ತರು, ಬಂದ ಹೊಸದ್ರಲ್ಲೇ ಅವಳ ವಿಗ್ರಹ ಇಡಿಸಿದ್ರು, ಆಮೇಲೆ ಅದಕ್ಕೆ ಚಿನ್ನದ ಲೇಪ, ಕಾಲಿಗೆ ಬೆಳ್ಳಿ ಪಾದರಕ್ಷೆ. ಬಡ ಊರಿನೋರು ಚೂರು ಚೂರೇ ಕೊಟ್ಟು ಮಾಡ್ಸಿದ್ದು ಇದು.

ಟ್ರಿಕಿ ಅವರಿಗೆ ಇನ್ನೊಂದು ಆಸೆ ಇತ್ತು. ಸತ್ತೋರ ಆತ್ಮಕ್ಕೆ ಮಾಡೋ ಬಲಿಪೂಜೆಗೆ ಕಪ್ಪು ಬಣ್ಣದ ಒಂದು ಒಳ್ಳೇ ಪೂಜಾವಸ್ತ್ರದ ಸೆಟ್ ಬೇಕು ಅಂತ. ಊರಲ್ಲಿ ದುಡ್ಡಿಲ್ಲ, ಹಾಗಾಗಿ ತಮಗೆ ಬರೋ ಸಣ್ಣಪುಟ್ಟ ಕಾಣಿಕೆ ದುಡ್ಡನ್ನೇ ಬಿಟ್ಕೊಟ್ಟು ಕೂಡಿಸ್ತಾ ಬಂದ್ರು, 20 ವರ್ಷ. ಕೊನೆಗೆ 1547ರಲ್ಲಿ ಬಟ್ಟೆ ಬಂತು. ಅದೇ ವರ್ಷ ಜನವರಿಯಲ್ಲಿ ಹೆನ್ರಿ ಸತ್ತ, 9 ವರ್ಷದ ಮಗ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ, ಸುತ್ತ ಇದ್ದೋರೆಲ್ಲ ಪಕ್ಕಾ ಪ್ರೊಟೆಸ್ಟೆಂಟರು. ಸತ್ತೋರಿಗೆ ಪೂಜೆ ಮಾಡಿ ಅವರ ಪಾಪ ಕಮ್ಮಿ ಮಾಡ್ಸೋದು ಅನ್ನೋದೆಲ್ಲ ಮೂಢನಂಬಿಕೆ ಅಂತ ಅದೇ ವರ್ಷ ಕಾನೂನೂ ಬಂತು, ಅಂಥ ಪೂಜೆಗೆ ಬಿಟ್ಟ ಆಸ್ತಿಯೆಲ್ಲ ಸರ್ಕಾರಕ್ಕೆ ಜಪ್ತಿ. 20 ವರ್ಷ ಕೂಡಿಟ್ಟು ತಂದ ವಸ್ತ್ರ ತಂದ ಕೆಲವೇ ದಿನಕ್ಕೆ ಕೆಲಸಕ್ಕೆ ಬಾರದ ಹಾಗಾಯ್ತು. ನನಗೆ ಈ ಇಡೀ ಇತಿಹಾಸದಲ್ಲಿ ಮೋರ್, ಆರ್ಚ್‌ಬಿಷಪ್ ಕ್ರ್ಯಾನ್ಮರ್ (ಇವರು ಮುಂದೆ ಬರ್ತಾರೆ) ಅವರ ಸಾವಿಗಿಂತ ಜಾಸ್ತಿ ಸಂಕಟ ಆಗೋದು ಈ ಬಟ್ಟೆ ವಿಷಯಕ್ಕೆ, ಯಾಕೋ ಗೊತ್ತಿಲ್ಲ.

ಎಡ್ವರ್ಡ್ ಕಾಲದ್ದು ಆರೇ ವರ್ಷ, ಆದ್ರೆ ಅತಿ ಹೆಚ್ಚು ಕಿತ್ತಾಕಿದ್ದು ಆವಾಗ್ಲೇ. ವಿಗ್ರಹ ತೆಗೀರಿ, ಗೋಡೆ ಚಿತ್ರಕ್ಕೆ ಸುಣ್ಣ ಬಳೀರಿ, ಕಲ್ಲಿನ ಬಲಿಪೀಠ ಒಡೆದು ಮರದ ಟೇಬಲ್ ಇಡಿ, ಲ್ಯಾಟಿನ್ ಬಿಟ್ಟು ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ತಗೊಳ್ಳಿ (1549ರಲ್ಲಿ ಒಂದು, ಅದು ಸಾಕಾಗ್ಲಿಲ್ಲ ಅಂತ 1552ರಲ್ಲಿ ಇನ್ನೊಂದು, ಎರಡಕ್ಕೂ ದುಡ್ಡು ಊರೋರದ್ದೇ). ಪಾದ್ರಿಗಳು ಮದುವೆ ಆಗ್ಬಹುದು ಅಂತಲೂ ಆಯ್ತು. ಮೋರ್ಬಾತ್‌ನಲ್ಲಿ ಸಂತರ ಕುರಿಗಳು ಮಾರಾಟ ಆದ್ವು, ಹುಡುಗ ಹುಡುಗೀರ ಸಂಘ ನಿಂತೋಯ್ತು, ದೀಪ ಆರಿದ್ವು, ಬಿಯರ್ ಹಬ್ಬನೂ ಇಲ್ಲ. ಆದಾಯದ ಮೂಲ ಎಲ್ಲ ಮುಚ್ಚಿಸಿ, ಖರ್ಚಿನ ಪಟ್ಟಿ ಮಾತ್ರ ಉದ್ದ ಮಾಡಿದ್ರು. ಚರ್ಚು ಸಾಲಕ್ಕೆ ಬಿತ್ತು.

1549ರ ಜೂನಲ್ಲಿ ಹೊಸ ಪುಸ್ತಕದ ಪ್ರಕಾರ ಮೊದಲ ಆರಾಧನೆ ಆದ ಮಾರನೇ ದಿನವೇ ಡೆವನ್ನಿನ ಸ್ಯಾಂಪ್‌ಫರ್ಡ್ ಕೋರ್ಟ್ನಿ ಅನ್ನೋ ಊರಲ್ಲಿ ಜನ ಪಾದ್ರೀನ ಹಿಡ್ಕೊಂಡು, ನಮಗೆ ಈ ಆಟ ಬೇಡ, ಹಳೇ ಉಡುಪು ಹಾಕಿ ಹಳೇ ಪೂಜೆ ಮಾಡಿ ಅಂತ ಕೂರಿಸಿದ್ರು. ಹೊಸ ಆರಾಧನೆ ಕ್ರಿಸ್ಮಸ್ ನಾಟಕದ ಥರ ಇದೆ ಅಂತ ದಂಗೆಕೋರರು ಬರೆದ ಬೇಡಿಕೆ ಪಟ್ಟೀಲೇ ಇದೆ. ಪಕ್ಕದ ಕಾರ್ನ್‌ವಾಲ್‌ನೋರದ್ದು ಇನ್ನೊಂದು ತಕರಾರು: ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರಲ್ಲ, ನಮ್ಮ ಭಾಷೆ ಬೇರೆ. ಅದಕ್ಕೆ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಕೊಟ್ಟ ಉತ್ತರದ ತಾತ್ಪರ್ಯ, ಹಾಗಾದ್ರೆ ನಿಮಗೆ ಲ್ಯಾಟಿನ್ ಬರತ್ತಾ? ತರ್ಕದಲ್ಲಿ ಸರಿ ಇದೆ, ಆದ್ರೆ ಜನರ ಮನಸ್ಸು ತಿಳ್ಕೊಂಡೋರ ಉತ್ತರ ಅಲ್ಲ ಇದು. ಅರ್ಥ ಆಗದ ಲ್ಯಾಟಿನ್ ಅವರಿಗೆ ಅಜ್ಜನ ಕಾಲದಿಂದ ಬಂದ ಮಂತ್ರ, ಅರ್ಥ ಆಗದ ಇಂಗ್ಲಿಷು ಲಂಡನ್ನಿಂದ ಬಂದ ಆರ್ಡರು.

ದಂಗೆಯೋರು ಎಕ್ಸೆಟರ್ ಪಟ್ಟಣಾನ ಐದು ವಾರ ಮುತ್ತಿಗೆ ಹಾಕಿದ್ರು. 33 ಮನೆಯ ಮೋರ್ಬಾತ್ ಕೂಡ ಆ ಬೀಡಿಗೆ ಐದು ಜನ ಹುಡುಗರನ್ನ ಕಳ್ಸಿತ್ತು, ಅವರಿಗೆ ಆಯುಧಕ್ಕೆ, ಖರ್ಚಿಗೆ ಊರ ದುಡ್ಡು ಕೊಟ್ಟಿದ್ದು ಟ್ರಿಕಿ ಅವರ ಲೆಕ್ಕದಲ್ಲಿ ದಾಖಲಾಗಿದೆ. ರಾಜದ್ರೋಹದ ಖರ್ಚನ್ನ ಚರ್ಚಿನ ಲೆಕ್ಕದ ಪುಸ್ತಕದಲ್ಲಿ ಬರ್ಕೊಂಡಿದಾರೆ ಸ್ವಾಮಿ! ಆಗಸ್ಟಲ್ಲಿ ಸರ್ಕಾರದ ಸೈನ್ಯ, ಅದ್ರಲ್ಲಿ ಜರ್ಮನ್, ಇಟಾಲಿಯನ್ ಕೂಲಿ ಸಿಪಾಯಿಗಳೂ ಇದ್ರು, ಬಂದು ಸಾವಿರಗಟ್ಟಲೆ ಜನರನ್ನ ಕೊಂದ್ರು. ಎಕ್ಸೆಟರ್ ಪಕ್ಕದ ಸೇಂಟ್ ಥಾಮಸ್ ಚರ್ಚಿನ ಪಾದ್ರಿ ರಾಬರ್ಟ್ ವೆಲ್ಷ್‌ನ ಅವನದೇ ಚರ್ಚಿನ ಗೋಪುರಕ್ಕೆ ನೇತಾಕಿದ್ರು, ಪೂಜೆ ಉಡುಪಲ್ಲೇ, ತೀರ್ಥದ ಪಾತ್ರೆ, ಗಂಟೆ, ಜಪಸರ ಎಲ್ಲ ಮೈಗೆ ಕಟ್ಟಿ. ಮೋರ್ಬಾತ್‌ನ ಐದು ಹುಡುಗರಲ್ಲಿ ಎಲ್ಲರೂ ವಾಪಸ್ ಬಂದ ಹಾಗೆ ಕಾಣಲ್ಲ.

1553ರಲ್ಲಿ ಎಡ್ವರ್ಡ್ 15ನೇ ವಯಸ್ಸಿಗೇ ತೀರ್ಕೊಂಡ. ಪ್ರೊಟೆಸ್ಟೆಂಟ್ ಬಣ ಜೇನ್ ಗ್ರೇ ಅನ್ನೋ ಹುಡುಗೀನ ಪಟ್ಟಕ್ಕೆ ಕೂರ್ಸಕ್ಕೆ ಹೋಗಿ ಎರಡು ವಾರದೊಳಗೆ ಕೈ ಸುಟ್ಕೊಂಡ್ರು, ಕ್ಯಾಥರೀನ್ ಮಗಳು ಮೇರಿ ರಾಣಿ ಆದ್ಲು. ಅವಳು ಪಕ್ಕಾ ಕ್ಯಾಥೊಲಿಕ್. ಈಗ ಆರ್ಡರ್ ಉಲ್ಟಾ. ಬಲಿಪೀಠ ಕಟ್ಟಿ, ಶಿಲುಬೆ ಏರ್ಸಿ, ಲ್ಯಾಟಿನ್ ಪುಸ್ತಕ ಹುಡುಕಿ. ಹೆಂಡ್ತಿ ಕಟ್ಕೊಂಡಿದ್ದ ಪಾದ್ರಿಗಳು ಕೆಲಸ ಉಳೀಬೇಕಾದ್ರೆ ಹೆಂಡ್ತೀನ ಬಿಡ್ಬೇಕು, ಆ ಹೆಂಗಸರ ಗತಿ ಏನಾಯ್ತು ಅಂತ ಯಾರೂ ಜಾಸ್ತಿ ಬರೆಯಲ್ಲ. ಮೋರ್ಬಾತ್‌ನಲ್ಲಿ ಒಂದು ಚಂದದ ಬೆಳವಣಿಗೆ ಆಯ್ತು. ಕಿತ್ತಾಕಿ ಮಾರಿಬಿಟ್ವಿ ಅಂದಿದ್ದ ಸಾಮಾನು ಒಂದೊಂದೇ ಊರೋರ ಮನೆಗಳಿಂದ ಆಚೆ ಬಂತು. ಯಾರೋ ಶಿಲುಬೆ ಪಕ್ಕದ ವಿಗ್ರಹ ತಂದ್ರು, ಯಾರೋ ಚಿತ್ರ ಬರೆದ ಹಲಗೆ, ಯಾರೋ ಪುಸ್ತಕ. ಮನೇಲಿ ಮುಚ್ಚಿಟ್ಕೊಂಡಿದ್ರು ಇಷ್ಟು ವರ್ಷ, ಸಿಕ್ಕಿಬಿದ್ರೆ ಏನಾಗತ್ತೆ ಅಂತ ಗೊತ್ತಿದ್ದೂ. ಟ್ರಿಕಿ ಅದನ್ನೆಲ್ಲ ಖುಷಿಯಾಗಿ ಬರ್ಕೊಂಡಿದಾರೆ.

ಮೇರಿ ಅಂದ್ರೆ ಜನಕ್ಕೆ ನೆನಪಿರೋದು ಸುಟ್ಟಿದ್ದು ಮಾತ್ರ. 1555ರ ಫೆಬ್ರವರಿಯಿಂದ ಅವಳು ಸಾಯೋ ತನಕ ನಾಲ್ಕು ವರ್ಷ ತುಂಬೋ ಮೊದ್ಲೇ ಸುಮಾರು 280 ಪ್ರೊಟೆಸ್ಟೆಂಟರನ್ನ ಸುಟ್ಟಾಕಿದ್ರು, ಬಿಷಪ್ಪುಗಳು ಕೆಲವರು, ಬಾಕಿ ಬಹುಪಾಲು ನೇಕಾರರು, ಕೂಲಿಯೋರು, ಹೆಂಗಸರು. ಪ್ರಾರ್ಥನಾ ಪುಸ್ತಕ ಬರೆಸಿದ ಕ್ರ್ಯಾನ್ಮರ್ ಜೈಲಲ್ಲಿ ಹೆದರಿ ನಾನು ಹೇಳಿದ್ದೆಲ್ಲ ತಪ್ಪು ಅಂತ ಪತ್ರದ ಮೇಲೆ ಪತ್ರಕ್ಕೆ ಸಹಿ ಹಾಕಿದ್ರು, ಆದ್ರೂ ಸುಡೋದೇ ಅಂತ ತೀರ್ಮಾನ ಮಾಡಿದ್ರು. ಇದು ಮೇರಿ ಮಾಡಿದ ದೊಡ್ಡ ದಡ್ಡತನ ಅಂತ ನನ್ನ ಅಭಿಪ್ರಾಯ, ಬದುಕೋಕ್ ಬಿಟ್ಟಿದ್ರೆ ಸೋತ ಮುದುಕ ಆಗಿ ಇರ್ತಿದ್ರು. 1556ರ ಮಾರ್ಚ್ 21ಕ್ಕೆ ಆಕ್ಸ್‌ಫರ್ಡ್‌ನಲ್ಲಿ ಎಲ್ಲರ ಮುಂದೆ ತಪ್ಪೊಪ್ಪಿಗೆ ಓದ್ಬೇಕಾದೋರು ಅದನ್ನೆಲ್ಲ ವಾಪಸ್ ತಗೋತೀನಿ, ಸಹಿ ಹಾಕಿದ ಬಲಗೈ ಮೊದ್ಲು ಸುಡ್ಲಿ ಅಂದು, ಬೆಂಕಿ ಹತ್ತಿದಾಗ ಆ ಕೈಯನ್ನೇ ಮೊದ್ಲು ಚಾಚಿದ್ರು.

ಆದ್ರೆ ಒಂದು ಮಾತು ಹೇಳ್ಲೇಬೇಕು. ಮೇರಿ ಸೋತಿದ್ದು ಸುಟ್ಟಿದ್ದಕ್ಕೆ ಅಂತ ನನಗನ್ನಿಸಲ್ಲ. ಅವಳಿಗೆ ಟೈಮ್ ಸಿಗ್ಲಿಲ್ಲ, ಅಷ್ಟೇ. ಐದು ವರ್ಷ ಆಳಿದ್ಲು, ಮಕ್ಕಳಾಗ್ಲಿಲ್ಲ, 1558ರ ನವೆಂಬರ್ 17ಕ್ಕೆ ಹೋದ್ಲು, ಅವಳ ಆರ್ಚ್‌ಬಿಷಪ್ ರೆಜಿನಾಲ್ಡ್ ಪೋಲ್ ಕೂಡ ಅದೇ ದಿನ ತೀರ್ಕೊಂಡ್ರು. ಇನ್ನೊಂದು, ಆ ಮಠದ ಜಮೀನು. ಪಾರ್ಲಿಮೆಂಟಿನೋರು ಪೋಪ್ ಕಡೆ ವಾಪಸ್ ಬರಕ್ಕೆ ಒಪ್ಪಿದ್ದೇ ಆ ಜಮೀನು ಈಗ ಯಾರ ಹತ್ರ ಇದ್ಯೋ ಅವರಿಗೇ ಇರ್ಲಿ ಅನ್ನೋ ಕಂಡೀಷನ್ ಮೇಲೆ. ಕ್ಯಾಥೊಲಿಕ್ ಜಮೀನ್ದಾರನೂ ತಾನು ಕೊಂಡ ಮಠದ ಹೊಲ ಬಿಟ್ಟುಕೊಡಕ್ಕೆ ತಯಾರಿರ್ಲಿಲ್ಲ. ದೇವರು ಬೇಕು, ಪೋಪ್ ಬೇಕು, ಪಹಣಿ ಮಾತ್ರ ನನ್ನ ಹೆಸರಲ್ಲಿರ್ಲಿ.

ಎಲಿಜಬೆತ್ ಬಂದ್ಲು, 1559ರಲ್ಲಿ ಮತ್ತೆ ಇಂಗ್ಲಿಷ್ ಪುಸ್ತಕ, ಮತ್ತೆ ಟೇಬಲ್ಲು, ಮತ್ತೆ ಸುಣ್ಣ. ಭಾನುವಾರ ಚರ್ಚಿಗೆ ಬರದಿದ್ರೆ 12 ಪೆನ್ಸ್ ದಂಡ. ಮೇರಿ ಕಾಲದ ಬಿಷಪ್ಪುಗಳು ಹೆಚ್ಚುಕಮ್ಮಿ ಎಲ್ಲರೂ ಒಪ್ಪಲ್ಲ ಅಂತ ಹುದ್ದೆ ಕಳ್ಕೊಂಡ್ರು, ಆದ್ರೆ ಹಳ್ಳಿ ಪಾದ್ರಿಗಳು ಬಹುಪಾಲು ತಲೆ ಬಗ್ಗಿಸಿ ಇದ್ದಲ್ಲೇ ಉಳ್ಕೊಂಡ್ರು. ಟ್ರಿಕಿ ಅವರೂ ಉಳ್ಕೊಂಡ್ರು. ಇಂಥೋರನ್ನ ಗಾಳಿ ಬಂದ ಕಡೆ ತೂರ್ಕೊಳ್ಳೋರು ಅಂತ ಬೈಯೋದು ಸುಲಭ. ನಾನಂತೂ ಬೈಯಲ್ಲ. ಅವರ ಧರ್ಮ ಅಂದ್ರೆ ಆ 33 ಮನೆ, ಅವರೇ ಹೆಸರಿಟ್ಟ ಮಕ್ಕಳು, ಅವರೇ ಮಣ್ಣು ಮಾಡಿದ ಅಜ್ಜ ಅಜ್ಜಿಯರು. ರಾಜೀನಾಮೆ ಬಿಸಾಕಿ ಹೋಗಿದ್ರೆ ಲಂಡನ್ನಿಗೇನೂ ನಷ್ಟ ಇರ್ಲಿಲ್ಲ, ಆ ಜಾಗಕ್ಕೆ ಇನ್ಯಾರೋ ಬರ್ತಿದ್ದ. ಹಾಗಂತ ಅವರಿಗೆ ನೋವಾಗ್ಲಿಲ್ಲ ಅಂತಲೂ ಅಲ್ಲ, ಲೆಕ್ಕದ ಪುಸ್ತಕ ನೋಡಿದ್ರೆ ಮೊದಲಿನ ಆ ಉತ್ಸಾಹ, ಕುರಿ ವಿಚಾರ, ಸಿಡ್ವೆಲ್ ವಿಚಾರ ಎಲ್ಲ ಹೋಗಿ ಬರೀ ರಿಪೇರಿ ಖರ್ಚು ಉಳ್ಕೊಳತ್ತೆ.

1562ರ ಅಕ್ಟೋಬರಲ್ಲಿ ಎಲಿಜಬೆತ್‌ಗೆ ಸಿಡುಬು ಬಂದು ಸಾಯೋ ಹಾಗಾಗಿದ್ಲು, ಉತ್ತರಾಧಿಕಾರಿ ಯಾರು ಅಂತ ಆಸ್ಥಾನದಲ್ಲಿ ಗುಸುಗುಸು ಶುರುವಾಗಿತ್ತು. ಆವಾಗ ಸತ್ತಿದ್ರೆ ಅವಳದ್ದೂ ನಾಲ್ಕು ವರ್ಷದ ಆಳ್ವಿಕೆ, ಮೇರಿಗಿಂತ ಕಮ್ಮಿ. ಬಹುಶಃ ಊರೋರು ಮತ್ತೆ ಅಟ್ಟದ ಮೇಲಿಂದ ವಿಗ್ರಹ ಇಳಿಸ್ತಿದ್ರು. ಅವಳು ಬದುಕಿದ್ಲು, ಇನ್ನೂ 40 ವರ್ಷ ಆಳಿದ್ಲು, ಅಷ್ಟ್ರಲ್ಲಿ ಹಳೇ ಪೂಜೆ ಕಂಡಿದ್ದ ತಲೆಮಾರೇ ಹೊರಟೋಯ್ತು. ಇಂಗ್ಲೆಂಡ್ ಪ್ರೊಟೆಸ್ಟೆಂಟ್ ಆಗಿದ್ದಕ್ಕೆ ಲೂಥರ್, ಹೆನ್ರಿ, ಕ್ರ್ಯಾನ್ಮರ್ ಎಲ್ಲರಿಗಿಂತ ಹೆಚ್ಚಿನ ಕ್ರೆಡಿಟ್ಟು ಆ ಸಿಡುಬು ವಾಸಿಯಾಗಿದ್ದಕ್ಕೆ ಹೋಗ್ಬೇಕು ಅಂತ ನಾನು ವಾದ ಮಾಡ್ತಾ ಇರ್ತೀನಿ.

ಇನ್ನು ಹಿಂಸೆ ವಿಷಯದಲ್ಲಿ ಎಲಿಜಬೆತ್ ಸಾಚಾ ಏನಲ್ಲ. 1570ರಲ್ಲಿ ಪೋಪ್ ಐದನೇ ಪಯಸ್ ಇವಳು ರಾಣಿನೇ ಅಲ್ಲ, ಪ್ರಜೆಗಳು ವಿಧೇಯರಾಗಿರೋ ಅಗತ್ಯ ಇಲ್ಲ ಅಂತ ಘೋಷಣೆ ಹೊರಡಿಸಿದ, ಅಲ್ಲಿಗೆ ಇಂಗ್ಲೆಂಡಿನ ಪ್ರತಿ ಕ್ಯಾಥೊಲಿಕ್ಕನೂ ಸರ್ಕಾರದ ಕಣ್ಣಲ್ಲಿ ದೇಶದ್ರೋಹಿ ಥರ ಆದ. ಪೋಪ್‌ಗೆ ಅಷ್ಟು ದೂರ ಕೂತು ಬರೆಯೋದು ಸುಲಭ ಇತ್ತು, ಅನುಭವಿಸಿದ್ದು ಇಲ್ಲಿನೋರು. ನೂರಕ್ಕೂ ಹೆಚ್ಚು ಪಾದ್ರಿಗಳನ್ನ ಕೊಂದ್ರು. ಯಾರ್ಕ್‌ನಲ್ಲಿ ಮಾರ್ಗರೆಟ್ ಕ್ಲಿದರೋ ಅನ್ನೋ ಕಟುಕನ ಹೆಂಡ್ತಿ ಮನೇಲಿ ಪಾದ್ರಿಗಳನ್ನ ಬಚ್ಚಿಟ್ಟಿದ್ದಕ್ಕೆ ಹಿಡಿದ್ರು, ಆಕೆ ಕೋರ್ಟಲ್ಲಿ ತಪ್ಪು ಅಂತನೂ ಹೇಳ್ಲಿಲ್ಲ, ಇಲ್ಲ ಅಂತನೂ ಹೇಳ್ಲಿಲ್ಲ, ಹಾಗಾಗಿ 1586ರ ಮಾರ್ಚಲ್ಲಿ ಮೈ ಮೇಲೆ ಬಾಗಿಲು ಇಟ್ಟು ಅದ್ರ ಮೇಲೆ ಭಾರ ಹೇರಿ ಸಾಯಿಸಿದ್ರು.

ಚರ್ಚಿಗೆ ಬರದೋರ ದಂಡ 1581ರಲ್ಲಿ ತಿಂಗಳಿಗೆ 20 ಪೌಂಡ್ ಆಯ್ತು. ಅಂದಾಜಿಗೆ ಹೇಳ್ತೀನಿ, ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ಊರಿನ ಶಾಲೆ ಮೇಷ್ಟ್ರಿಗೆ ಆಗ ವರ್ಷದ ಸಂಬಳನೇ 20 ಪೌಂಡ್. ಆ ಊರಿನ ಗಿಲ್ಡ್ ಚಾಪೆಲ್ ಒಳಗೆ ಗೋಡೆ ಮೇಲೆ ಕೊನೇ ತೀರ್ಪಿನ ದಿನದ ದೊಡ್ಡ ಚಿತ್ರ ಇತ್ತು, ಗೋರಿಯಿಂದ ಏಳ್ತಿರೋ ಜನ, ನರಕಕ್ಕೆ ಎಳ್ಕೊಂಡು ಹೋಗೋ ದೆವ್ವಗಳು. ಅದಕ್ಕೆ ಸುಣ್ಣ ಬಳಿಸಿದ ಖರ್ಚು ಎರಡು ಶಿಲ್ಲಿಂಗ್ ಅಂತ 1564ರ ಪುರಸಭೆ ಲೆಕ್ಕದಲ್ಲಿ ಇದೆ. ಆ ಲೆಕ್ಕ ಇಟ್ಟೋರು ಜಾನ್ ಷೇಕ್ಸ್‌ಪಿಯರ್, ಕೈಗವಸು ಹೊಲಿಯೋ ಕಸುಬಿನೋರು, ನಾಟಕಕಾರ ವಿಲಿಯಂ ಅವರಪ್ಪ. ಬಳಿಸಿದ್ದು ತೆಳುವಾಗಿ, ಚಿತ್ರ ಕೆರೆದು ಹಾಕ್ಲಿಲ್ಲ, ಹಾಗಾಗಿ 1804ರಲ್ಲಿ ಅದು ಮತ್ತೆ ಕಾಣ್ತು. ಬೇಕಂತಲೇ ಹಾಗೆ ಮಾಡ್ಸಿದ್ರಾ, ಇಲ್ಲಾ ಎರಡು ಶಿಲ್ಲಿಂಗಿಗೆ ಅಷ್ಟೇ ಕೆಲಸ ಬಂತಾ? ಇದೇ ಜಾನ್ ಹೆಸರು 1592ರಲ್ಲಿ ಚರ್ಚಿಗೆ ಬರದೋರ ಸರ್ಕಾರಿ ಪಟ್ಟೀಲಿ ಇದೆ. ಸಾಲದ ಕೇಸಲ್ಲಿ ಹಿಡೀತಾರೆ ಅನ್ನೋ ಭಯಕ್ಕೆ ಬರ್ತಿಲ್ಲ ಅಂತ ಪಕ್ಕದಲ್ಲಿ ಕಾರಣ ಬರೆದಿದಾರೆ. ನಿಜವಾಗ್ಲೂ ಸಾಲಾನಾ, ಅಥವಾ ಒಳಗೊಳಗೇ ಹಳೇ ನಂಬಿಕೆನಾ ಅಂತ ಇತಿಹಾಸಕಾರರು ಇನ್ನೂ ಜಗಳ ಆಡ್ತಾನೇ ಇದಾರೆ.